ಶನಿವಾರದ ತವರು

ಇದನ್ನು ಬೆಳಿಗ್ಗೆಯೇ ಕೂತು ಬರೆಯುತ್ತಿದ್ದೇನೆ. ಹೊಳೆನರಸೀಪುರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಪಿ.ಟಿ. ಮಿಸ್‌ಗೆ ಇವತ್ತು ಮಧ್ಯಾಹ್ನ ಬೀಳ್ಕೊಡುಗೆ. ಅದು ಮುಗಿದ ಮೇಲೆ ಬರೆದರೆ ಶಾಲು, ಹಾರ, ಮೈಸೂರುಪಾಕು, ಹೆಡ್‌ಮಾಸ್ಟರ ಭಾಷಣ ಎಲ್ಲ ಸೇರಿಕೊಂಡು ಮಿಸ್ ಒಬ್ಬ ಆದರ್ಶ ಶಿಕ್ಷಕಿಯಾಗಿಬಿಡುವ ಅಪಾಯವಿದೆ. ಅವರು ಹಾಗಿರಲಿಲ್ಲ. ಹೇಗಿದ್ದರು ಎಂದು ಖಚಿತವಾಗಿ ಹೇಳುವಷ್ಟು ಧೈರ್ಯ ನನಗಿಲ್ಲ. ಅವರನ್ನು ಮೊದಲು ಕಂಡ ದಿನದ್ದೇ ನನ್ನ ಹತ್ತಿರ ಮೂರು ನೆನಪುಗಳಿವೆ, ಮೂರರಲ್ಲೂ ಅವರು ಬೇರೆ ಬೇರೆ ಸೀರೆ ಉಟ್ಟಿದ್ದಾರೆ. ಒಂದರಲ್ಲಂತೂ ಮೈದಾನದ ಬೇವಿನ ಮರ ಹತ್ತಿ ಕೂತಿದ್ದಾರೆ. ನಮ್ಮ ಮೈದಾನದಲ್ಲಿ ಬೇವಿನ ಮರವೇ ಇಲ್ಲ.

ನಡೆಯುವ ಮೊದಲೇ ಬರೆದಿಡುವ ಈ ಬುದ್ಧಿ ಅವರಿಂದಲೇ ಬಂದದ್ದು. ಮಿಸ್ ಡೈರಿಯನ್ನು ಬೆಳಿಗ್ಗೆ ಬರೆಯುತ್ತಿದ್ದರು. ಹಿಂದಿನ ದಿನದ್ದಲ್ಲ, ಆ ದಿನದ್ದು. ಇನ್ನೂ ನಡೆಯದೇ ಇರುವುದು. 'ಇವತ್ತು ಯಾರ ಮೇಲೂ ರೇಗುವುದಿಲ್ಲ.' 'ಇವತ್ತು ನನ್ನ ಡಬ್ಬಿ ನಾನು ತಿನ್ನುತ್ತೇನೆ, ಬೇರೆಯವರ ಡಬ್ಬಿಗೆ ಕೈ ಹಾಕುವುದಿಲ್ಲ.' 'ಇವತ್ತು ಅಣ್ಣ ನೆನಪಾಗುವುದಿಲ್ಲ.' ಸಂಜೆ ಕೊನೆಯ ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತು, ನನ್ನ ಕೆಂಪು ಪೆನ್ನು ಕಸಿದುಕೊಂಡು, ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದಕ್ಕೂ ಸರಿ ಅಥವಾ ತಪ್ಪು ಹಾಕುತ್ತಿದ್ದರು. ಅದೂ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿಕೊಂಡು.

"ರೇಗಲ್ಲ ಅಂತ ಬರೆದಿದ್ದೆ. ಒಂಬತ್ತನೇ ಬಿ ಸೆಕ್ಷನ್ ಮೇಲೆ ರೇಗಿದೆ. ತಪ್ಪು. ಡಬ್ಬಿ... ಲೇ ಲೆಕ್ಕ, ನಿನ್ನ ಡಬ್ಬೀಲಿದ್ದ ಉಪ್ಪಿನಕಾಯಿ ಲೆಕ್ಕಕ್ಕೆ ಬರತ್ತಾ?"

ನಾನು ಗಣಿತದ ಟೀಚರ್. ಅದಕ್ಕೇ ಅವರ ಬಾಯಲ್ಲಿ ನನ್ನ ಹೆಸರು ಲೆಕ್ಕ. "ಬರತ್ತೆ ಮಿಸ್," ಎಂದೆ.

"ಹಾಗಾದ್ರೆ ಅದೂ ತಪ್ಪು. ಅಣ್ಣ ನೆನಪಾಗಲಿಲ್ಲ... ಅಯ್ಯೋ, ಈಗ ಓದಿದೆನಲ್ಲ, ನೆನಪಾದ. ತಪ್ಪು! ನಪಾಸು ಕಣೇ, ಪೂರ್ತಿ ನಪಾಸು!" ಎಂದು ಮೇಜು ಬಡಿದು ನಗುತ್ತಿದ್ದರು. ಸಂಸ್ಕೃತದ ಮೇಷ್ಟ್ರು ಚಾಪೆಯಂತಹ ತಮ್ಮ ಟವಲ್ಲನ್ನು ಮುಖಕ್ಕೆ ಒತ್ತಿಕೊಂಡು ನಗುತ್ತಿದ್ದರು.

ಎಲ್ಲರೂ ರಾತ್ರಿ ಬರೆಯುತ್ತಾರಲ್ಲ ಮಿಸ್, ಎಂದು ಕೇಳಿದ್ದಕ್ಕೆ, "ನಡೆದ ಮೇಲೆ ಬರೆಯೋದು ಡೈರಿ ಅಲ್ಲ, ವಕೀಲಿಕೆ. ನಮ್ಮ ಪರವಾಗಿ ನಾವೇ ವಾದ ಮಾಡಿಕೊಂಡು ನಾವೇ ಗೆಲ್ಲೋದು," ಎಂದಿದ್ದರು. ಹೀಗೇ ಅಂದರೋ, ಈ ಮಾತನ್ನು ಇಷ್ಟು ಅಂದವಾಗಿ ನಾನೇ ಕತ್ತರಿಸಿಟ್ಟುಕೊಂಡೆನೋ, ಗೊತ್ತಿಲ್ಲ.

ಇರಲಿ. ಇವತ್ತಿನ ಮಟ್ಟಿಗೆ ನಾನು ಬರೆಯುವುದು ಇಷ್ಟು: ಸಮಾರಂಭದಲ್ಲಿ ಮಿಸ್ ಅಳುವುದಿಲ್ಲ. ಅರಕಲಗೂಡಿನ ದ್ಯಾವಮ್ಮ ಮೊಣಕಾಲು ನೋವಿನಿಂದ ಬರುವುದಿಲ್ಲ. ಮಿಸ್ ತಮ್ಮ ಸೀಟಿಯನ್ನು ಶಾಲೆಗೆ ಒಪ್ಪಿಸುತ್ತಾರೆ. ಇಲ್ಲಿಯ ಕೋಣೆ ಖಾಲಿ ಮಾಡಿ, ಇನ್ನು ಮೇಲೆ ಅರಕಲಗೂಡಿನಲ್ಲೇ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಸಂಜೆ ತಿದ್ದಿದರಾಯಿತು.

ಅಷ್ಟರೊಳಗೆ ದ್ಯಾವಮ್ಮ ಯಾರು, ಸೀಟಿ ಯಾವುದು ಎಂದು ಹೇಳಬೇಕು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮಿಸ್‌ಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಕೋಟೆ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಎರಡನೇ ಲೋಟ ಇಟ್ಟುಕೊಳ್ಳಿ ಮಿಸ್, ನಾನು ಬಂದಾಗ ಕಾಫಿಗೆ, ಎಂದರೆ, "ನಿನ್ನ ಲೋಟ ನೀನು ತಾ," ಎನ್ನುತ್ತಿದ್ದರು. ನಾನು ನಿಜವಾಗಿಯೂ ಚೀಲದಲ್ಲಿ ಲೋಟ ಹೊತ್ತು ಹೋಗುತ್ತಿದ್ದೆ. ಆ ಕೋಣೆಯ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು! ಹಾಸನದ ನಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು, ಹಗಲಿಡೀ ತೆರೆದ ಬಾಗಿಲುಗಳು. ಒಂದು ಮಧ್ಯಾಹ್ನ ಕದ ಮುಚ್ಚಿಕೊಂಡು ಕೂತರೆ ಅಜ್ಜಿ ಹೊರಗಿನಿಂದ, "ಮೈ ಹುಷಾರಿಲ್ವಾ? ಯಾರೇನಂದ್ರು?" ಎಂದು ತಟ್ಟುತ್ತಿದ್ದಳು. ಮಿಸ್‌ರನ್ನು ನೋಡಿ ನಾನೂ ಬೆಳಿಗ್ಗೆ ಡೈರಿ ಬರೆಯತೊಡಗಿದ್ದೆ. 'ಇವತ್ತು ಒಬ್ಬಳೇ ಕೂತು ಕಾಫಿ ಕುಡಿಯುತ್ತೇನೆ.' ತಪ್ಪು. ಮರುದಿನವೂ ತಪ್ಪು. ಒಂದು ದಿನ ಸರಿಯಾಯಿತು. ಮನೆಯವರೆಲ್ಲ ನುಗ್ಗೇಹಳ್ಳಿಯ ಮದುವೆಗೆ ಹೋಗಿದ್ದರು. ಒಬ್ಬಳೇ ಕುಡಿದೆ. ಅರ್ಧ ಲೋಟಕ್ಕೇ ಬೇಜಾರು ಬಂದು ಪಕ್ಕದ ಮನೆಗೆ ಹೋದೆ.

ಆದರೆ ಮಿಸ್ ಕತೆ ಅಷ್ಟು ಸರಳವಾಗಿರಲಿಲ್ಲ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಕೂಡಲೇ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ಎಲ್ಲಿಗೆ ಮಿಸ್? "ತವರಿಗೆ." ಅವರ ಊರು ಚನ್ನರಾಯಪಟ್ಟಣ ಎಂದು ನಮಗೆಲ್ಲ ಗೊತ್ತು. ಹತ್ತುತ್ತಿದ್ದುದು ಹಳ್ಳಿಮೈಸೂರಿನ ಮೇಲೆ ಅರಕಲಗೂಡಿಗೆ ಹೋಗುವ ಬಸ್ಸು. ದಿಕ್ಕೇ ಬೇರೆ.

ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. ನಾವು ತಲುಪುವ ಹೊತ್ತಿಗೆ ಬಸ್ಸು ಸ್ಟ್ಯಾಂಡು ಬಿಟ್ಟು ಹೊರಟಿತ್ತು. ಮಿಸ್ ಓಡುತ್ತಲೇ ರವಿಕೆಯೊಳಗೆ ಕೈ ಹಾಕಿ, ಕಪ್ಪು ದಾರಕ್ಕೆ ಕಟ್ಟಿದ ಸೀಟಿಯನ್ನು ಹೊರಗೆಳೆದು ಒಂದು ಸಲ ಊದಿದರು. ಬಸ್ಸು ಗಕ್ಕನೆ ನಿಂತಿತು. ಒಂದು ಸೀಟಿಗೆ ನಿಲ್ಲಿಸುವುದು, ಎರಡಕ್ಕೆ ಹೊರಡುವುದು, ಇದು ಡ್ರೈವರನ ಕಿವಿಗೆ ಮಂತ್ರವಿದ್ದಂತೆ, ಯಾರು ಊದಿದರೆಂದು ಅವನು ಕೇಳುವುದಿಲ್ಲ. ಕೇಳಿದವನು ಕಂಡಕ್ಟರ್. ಅವನ ಸೀಟಿ ಅವನ ಬಾಯಲ್ಲೇ ಇತ್ತು.

"ಏನಮ್ಮ, ಕಂಡಕ್ಟ್ರು ನಾನಾ, ನೀವಾ?"

"ನೀವೇ ಸಾರ್. ಒಂದು ನಾನು ಊದಿದೆ, ಎರಡು ನೀವು ಊದಿ," ಎನ್ನುತ್ತ ಮಿಸ್ ಹತ್ತಿ ಕೂತರು. ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ಮುಖ ಊದಿಸಿಕೊಂಡೇ ಎರಡು ಊದಿದ.

ಆ ಪ್ರಯಾಣದಲ್ಲಿ ಅವರು ತವರಿನ ವಿಷಯ ಹೇಳಿದ್ದು. ಚನ್ನರಾಯಪಟ್ಟಣದಲ್ಲಿ ಅಣ್ಣನ ಮನೆ ಇದೆ. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು. ಗೌರಿ ಹಬ್ಬ ಬಂದರೆ ಅಣ್ಣ ಇಬ್ಬರು ತಂಗಿಯರನ್ನು ಗಂಡನ ಮನೆಗಳಿಗೆ ಹೋಗಿ ಕರೆದುಕೊಂಡು ಬರುತ್ತಾನೆ, ಹಬ್ಬ ಮುಗಿದ ಮೇಲೆ ಅತ್ತಿಗೆ ಅವರಿಗೆ ಮಡಿಲಕ್ಕಿ ತುಂಬುತ್ತಾಳೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. ಸೆರಗಿನಲ್ಲಿ ಕಟ್ಟಿಕೊಂಡು ಅವರು ಅಳುತ್ತ ಹೊರಡುತ್ತಾರೆ.

"ನನ್ನನ್ನ ಕರೆಯೋಕೆ ಯಾಕೆ ಬರಲ್ಲ ಅಂತ ಅಣ್ಣನ್ನ ಕೇಳಿದೆ. ಅವನು, 'ನೀನೇನು ಕೊಟ್ಟ ಹೆಣ್ಣಾ, ಕರೆಯೋಕೆ? ಬೇಕಾದಾಗ ಬಾ, ಇದು ನಿನ್ನ ಮನೆ ತಾನೆ' ಅಂದ. ಪಾಪ, ಪ್ರೀತಿಯಿಂದಲೇ ಅಂದ. ಆದ್ರೆ ನೋಡು ಲೆಕ್ಕ, ಕಳಿಸಿಕೊಟ್ಟರೇ ತಾನೆ ತವರು ಅಂತ ಒಂದು ಆಗೋದು? ನನ್ನನ್ನ ಯಾರೂ ಎಲ್ಲಿಗೂ ಕಳಿಸಲೇ ಇಲ್ಲ. ನಾನೇ ಎದ್ದು ಬಂದೆ. ಕರೆ ಬರೋಕೆ ಮೊದಲೇ ಎದ್ದುಬಿಡೋದು ನನ್ನ ರೋಗ. ಖೋಖೋದಲ್ಲಾದ್ರೆ ಫೌಲು ಕೊಡ್ತಾರೆ."

ಖೋಖೋ ಅವರ ಆಟ. ಸಾಲಾಗಿ ಕೂತವರಲ್ಲಿ ಬೆನ್ನ ಮೇಲೆ ಏಟು ಬಿದ್ದು 'ಖೋ' ಎನ್ನುವ ಕೂಗು ಕೇಳಿದವಳು ಮಾತ್ರ ಏಳಬೇಕು. ಅದಕ್ಕೆ ಮೊದಲೇ ಎದ್ದರೆ ತಪ್ಪು.

"ಅದಕ್ಕೇ ಒಂದು ಉಪಾಯ ಮಾಡಿದೆ. ನನ್ನ ತವರನ್ನ ನಾನೇ ಬಾಡಿಗೆಗೆ ಹಿಡಿದೆ."

ಅರಕಲಗೂಡಿನ ಅಂಚಿನಲ್ಲಿ ದ್ಯಾವಮ್ಮನ ಮನೆ. ಗೌಡರ ಮನೆ, ಹೊಲ, ಆಲೂಗಡ್ಡೆ, ಮೂವರು ಗಂಡುಮಕ್ಕಳು, ಸೊಸೆಯರು. ಮನೆಯ ಪಕ್ಕ ಆಲೂಗಡ್ಡೆ ರಾಶಿ ಹಾಕುತ್ತಿದ್ದ ಒಂದು ಕೋಣೆ. ಅದನ್ನೇ ಮಿಸ್ ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಏನು ಮಾಡುತ್ತೀರಿ? "ಏನೂ ಮಾಡಲ್ಲ. ತವರಲ್ಲಿ ಯಾರಾದ್ರೂ ಕೆಲಸ ಮಾಡ್ತಾರಾ? ಬೀಳ್ತೀನಿ, ಮಲಗ್ತೀನಿ, ಸೋಮವಾರ ಬೆಳಿಗ್ಗೆ ಹೊರಡುವಾಗ ಸ್ವಲ್ಪ ಬೇಜಾರು ಮಾಡ್ಕೋತೀನಿ. ಆ ಬೇಜಾರಿಗೇ ಬಾಡಿಗೆ ಕೊಡ್ತಿರೋದು."

ನಾನು ಹೋದ ದಿನ ದ್ಯಾವಮ್ಮ ಬಾಗಿಲಲ್ಲೇ ಕಾದಿದ್ದರು. ಗಿಡ್ಡ ಹೆಂಗಸು, ದೊಡ್ಡ ದನಿ.

"ಬಂದ್ಯಾ ಮಗ? ಈ ವಾರ ಸೊರಗೋಗಿದ್ದೀಯಲ್ಲಮ್ಮಿ! ಸರ್ಯಾಗ್ ಇಕ್ತಾರೋ ಇಲ್ವೋ ಅಲ್ಲಿ?"

"ಇಕ್ತಾರೆ ಅವ್ವ," ಎಂದರು ಮಿಸ್.

"ಯಾರು ಇಕ್ತಾರೆ?" ಎಂದು ನಾನು ಆಮೇಲೆ ಕೇಳಿದೆ.

"ನಾನೇ ಕಣೇ. ನನಗೆ ನಾನೇ ತಾನೆ ಇಕ್ಕೋದು?" ಎಂದು ಕಣ್ಣು ಹೊಡೆದರು.

ಅಲ್ಲಿ ನಡೆಯುತ್ತಿದ್ದುದು ಏನೆಂದು ನನಗೆ ಹೊಳೆಯಲಿಲ್ಲ. ಮಿಸ್‌ಗೂ ಆಗ ಹೊಳೆದಿರಲಿಲ್ಲ ಎಂದು ಅವರು ಆಣೆ ಮಾಡುತ್ತಾರೆ. ಒಬ್ಬ ಹೆಂಗಸು ವಾರವಾರ ಚೀಲ ಹಿಡಿದು ಬರುತ್ತಾಳೆ, ಹೊತ್ತೇರುವ ತನಕ ಮಲಗುತ್ತಾಳೆ, ಸೋಮವಾರ ಕಾಲೆಳೆಯುತ್ತ ವಾಪಸು ಹೋಗುತ್ತಾಳೆ. ಕತ್ತಿನ ಹಿಂದೆ ಕಪ್ಪು ದಾರ ಕಾಣುತ್ತದೆ, ಅದರ ತುದಿ ರವಿಕೆಯೊಳಗೆ. ಅರಕಲಗೂಡಿನ ಆ ಬೀದಿ ಏನೆಂದು ತಿಳಿಯಬೇಕೋ ಅದನ್ನೇ ತಿಳಿದಿತ್ತು. ಕರಿಮಣಿ. ಹೊಳೆನರಸೀಪುರದಲ್ಲಿ ಗಂಡನ ಮನೆ. ಸುಖವಿಲ್ಲದ ಸಂಸಾರ. ಕೇಳಿದರೆ ನೋಯುತ್ತಾಳೆ ಎಂದು ಯಾರೂ ಕೇಳಲಿಲ್ಲ. ಕೇಳದ್ದರಿಂದ ಮಿಸ್ ಹೇಳಲಿಲ್ಲ.

ಆ ವರ್ಷದ ಗೌರಿ ಹಬ್ಬದ ಮರುದಿನ ಹೊರಡುವಾಗ ದ್ಯಾವಮ್ಮ ಮೊರದಲ್ಲಿ ಅಕ್ಕಿ ತಂದು ನಿಂತರು. "ಸೆರಗೊಡ್ಡು ಮಗ." ಮೂರು ಗಂಡು ಹೆತ್ತ ಮನೆ. ಮಡಿಲು ತುಂಬಲು ಒಂದು ಹೆಣ್ಣಿಲ್ಲ ಎಂದು ಎಷ್ಟು ಹಬ್ಬ ಆ ಮೊರವನ್ನು ನೋಡಿ ನಿಟ್ಟುಸಿರುಬಿಟ್ಟಿದ್ದರೋ. ಮಡಿಲಕ್ಕಿ ಎಂದರೆ ಗಂಡನ ಮನೆಗೆ ಹೋಗುವ ಮಗಳಿಗೆ ತುಂಬುವುದು. ಮದುವೆಯಾಗದವರಿಗೆ ತುಂಬುವ ರೂಢಿ ಇಲ್ಲ. ಮಿಸ್‌ಗೆ ಆಗ ಎಲ್ಲ ಅರ್ಥವಾಯಿತು.

"ಆಗ ಹೇಳಬೇಕಿತ್ತು ಕಣೇ," ಎಂದರು ಮಂಗಳವಾರ, ಸ್ಟಾಫ್ ರೂಮಿನಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿ. "ಬಾಯಿ ತೆರೆಯೋಷ್ಟರಲ್ಲಿ ಕೈ ಸೆರಗು ಒಡ್ಡಿಬಿಟ್ಟಿತ್ತು. ಅಕ್ಕಿ ಬಿತ್ತು. ಅಷ್ಟು ಭಾರ ಇರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಡ್ಡಿದ ಸೆರಗನ್ನ ಹಿಂದಕ್ಕೆ ಎಳ್ಕೊಳೋದು ಹೇಗೆ?"

"ಈಗಲಾದರೂ ಹೇಳಿ."

"ಹೇಳಿದರೆ ತವರು ಹೋಗತ್ತೆ."

ಮಾರನೆಯ ದಿನ ಡೈರಿಯಲ್ಲಿ, 'ಈ ಶನಿವಾರ ದ್ಯಾವಮ್ಮನಿಗೆ ನಿಜ ಹೇಳುತ್ತೇನೆ' ಎಂದು ಬರೆದರು. ತಪ್ಪು. ಮುಂದಿನ ಶನಿವಾರ. ತಪ್ಪು. ಇದೊಂದು ವಾಕ್ಯವನ್ನು ಮಾತ್ರ ಗಟ್ಟಿಯಾಗಿ ಓದುತ್ತಿರಲಿಲ್ಲ. ನನ್ನ ಕಡೆ ಡೈರಿ ತಿರುಗಿಸಿ ಬೆರಳಿಡುತ್ತಿದ್ದರು, ನಾನು ಕೆಂಪು ಪೆನ್ನು ಕೊಡುತ್ತಿದ್ದೆ. ಕಾಲ ಕಳೆದಷ್ಟೂ ಆ ಇಲ್ಲದ ಗಂಡ ಬೆಳೆಯುತ್ತಿದ್ದ. ಅವನು ಕುಡಿಯುತ್ತಾನೆ ಎಂದು ದ್ಯಾವಮ್ಮನೇ ತೀರ್ಮಾನಿಸಿದ್ದರು. ಅವನ ತಾಯಿ ಘಟವಾಣಿ ಎಂದೂ. "ಅತ್ತೆ ಹೇಗವ್ಳೆ ಅಂದ್ರು. ನಾನು, 'ಅತ್ತೆ ಇಲ್ಲವ್ವ' ಅಂದೆ. ಅದು ನಿಜ ತಾನೆ? ಅದಕ್ಕೆ ಅವರು, 'ಓದ್ಲಾ? ಓಗ್ಲಿ ಬುಡು, ಪೀಡೆ ಕಳೀತು' ಅಂದ್ರು ಕಣೇ!" ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಮಿಸ್ ಬಹಳ ಹೊತ್ತು ಟ್ಯಾಂಕಿಗೆ ಒರಗಿ ನಿಂತಿದ್ದರು.

ಮುಂದೆ ಆದದ್ದು ಹೀಗೆ. ಹಾಸನದಲ್ಲಿ ಜಿಲ್ಲಾ ಮಟ್ಟದ ಖೋಖೋ ಬಿತ್ತು. ಮಿಸ್ ತಂಡ ಕರೆದುಕೊಂಡು ಹೋದರು. ಶನಿವಾರ ಅರಕಲಗೂಡಿಗೆ ಹೋಗಲಾಗಲಿಲ್ಲ. ಸೋಮವಾರ ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ದ್ಯಾವಮ್ಮ, ಹಿಂದೆ ಅವರ ತಮ್ಮ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂತಹ ಆಳು, ಹೆಗಲ ಮೇಲೆ ಆಲೂಗಡ್ಡೆ ಚೀಲ. ದ್ಯಾವಮ್ಮ ನನ್ನ ಗುರುತು ಹಿಡಿದು ಸೀದಾ ಬಂದರು.

"ಅವ್ಳ ಗಂಡ ಎಲ್ಲವ್ನೆ ತೋರ್ಸವ್ವ."

"ಯಾರ ಗಂಡ?" ಎಂದೆ.

"ನನ್ ಮಗಳ ಗಂಡ ಕಣವ್ವ. ಶನಿವಾರ ಕಳಿಸ್ನಿಲ್ಲ ಅವ್ನು. ವಡ್ದವ್ನೋ, ಕೂಡಾಕವ್ನೋ. ಕೇಳೋರಿಲ್ಲ ಅನ್ಕಂಡವ್ನಾ? ಬಂದಿವ್ನಿ ಕೇಳಕ್ಕೆ."

ತಮ್ಮನಾದವನು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ, "ಏನಿಲ್ಲ ಟೀಚರಮ್ಮ, ಬರೀ ಎರಡು ಮಾತಾಡ್ತೀವಿ," ಎಂದ. ಆ ಎರಡು ಮಾತು ಎಂಥದ್ದೆಂದು ಅವನ ಕೈ ನೋಡಿದರೆ ತಿಳಿಯುತ್ತಿತ್ತು.

ಮಿಸ್ ಇನ್ನೂ ಬಂದಿರಲಿಲ್ಲ, ಹಾಸನದಿಂದ ಬರುವ ದಾರಿಯಲ್ಲಿದ್ದರು. ಇವರನ್ನು ಕೋಣೆಗೆ ಕರೆದುಕೊಂಡು ಹೋಗದೆ ಬೇರೆ ಉಪಾಯ ಕಾಣಲಿಲ್ಲ. ಬೀಗದ ಕೈ ನನ್ನ ಹತ್ತಿರವಿತ್ತು. ದ್ಯಾವಮ್ಮ ಒಳಗೆ ನಿಂತು ಸುತ್ತ ನೋಡಿದರು. ಒಂದು ಚಾಪೆ. ಒಂದು ತಟ್ಟೆ. ಒಂದು ಲೋಟ. ಗೂಟಕ್ಕೆ ಗಂಡಸಿನ ಒಂದು ಬಟ್ಟೆಯಿಲ್ಲ.

"ಬುಟ್ಟೋಗವ್ನೆ," ಎಂದು ಪಿಸುಗುಟ್ಟಿದರು. ತಮ್ಮ ತಲೆಯಾಡಿಸಿದ.

ಆಗಲೇ ಮಿಸ್ ಬಂದದ್ದು. ಒಂದು ಕೈಯಲ್ಲಿ ಗೆದ್ದ ಟ್ರೋಫಿ, ಮುಖದ ತುಂಬ ಬಿಸಿಲು. "ಲೆಕ್ಕ, ಗೆದ್ವಿ ಕಣೇ!" ಎಂದು ಬಾಗಿಲಲ್ಲೇ ಕೂಗಿದವರು ಹಾಗೇ ನಿಂತರು. ದ್ಯಾವಮ್ಮ ಹತ್ತಿರ ಹೋಗಿ ಅವರ ಮುಖ ಸವರಿ, ಏಟಿನ ಗುರುತಿದೆಯೇ ಎಂದು ಕತ್ತು ನೋಡಿದರು. ಕಪ್ಪು ದಾರ ಕೈಗೆ ಸಿಕ್ಕಿತು. "ತಾಳಿನಾದ್ರೂ ಬುಟ್ಟವ್ನಾ, ಅದ್ನೂ ಮಾರ್ಕಂಡವ್ನಾ?" ಎನ್ನುತ್ತ ಎಳೆದರು.

ಸೀಟಿ ಬಂತು.

ದ್ಯಾವಮ್ಮ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಳಗಿನ ಕಾಳು ಗಲಗಲ ಎಂದಿತು.

"ಪೀಪಿ," ಎಂದರು.

"ಗಂಡ ಇಲ್ಲವ್ವ," ಎಂದರು ಮಿಸ್. "ಯಾವತ್ತೂ ಇರಲಿಲ್ಲ."

"ಮತ್ತೆ ಮಡ್ಲಕ್ಕಿ ತುಂಬ್ಸ್ಕಂಡ್ಯಲ್ಲಮ್ಮಿ..." ಅಷ್ಟೇ. ಬೈಯಲಿಲ್ಲ. ಸೀಟಿಯನ್ನು ಮೆಲ್ಲಗೆ ಮಿಸ್ ಎದೆಯ ಮೇಲೆ ಬಿಟ್ಟು ಹೊರಟರು. ತಮ್ಮನಾದವನು ಚೀಲವನ್ನು ಅಲ್ಲೇ ಇಳಿಸಿ ಅವರ ಹಿಂದೆ ಹೋದ. ಕೋಪದಲ್ಲಿ ಮರೆತರೋ, ಬೇಕೆಂದೇ ಬಿಟ್ಟರೋ ಎಂದು ಮಿಸ್ ಆ ಚೀಲದ ಮುಂದೆ ಕೂತು ಬಹಳ ತರ್ಕ ಮಾಡಿದರು. ನಾವು ಪಲ್ಯ, ಹುಳಿ, ಬೋಂಡ ಎಂದು ತಿಂಗಳುಗಟ್ಟಲೆ ಆಲೂಗಡ್ಡೆ ತಿಂದೆವು. ಕೊನೆಯ ನಾಲ್ಕು ಮೊಳಕೆ ಬಂದವು. ಅವನ್ನು ಮಿಸ್ ಎಸೆಯಲಿಲ್ಲ.

ಆ ಶನಿವಾರದಿಂದ ಮಿಸ್ ಅರಕಲಗೂಡಿಗೆ ಹೋಗಲಿಲ್ಲ. ಬಾಡಿಗೆ ಮಾತ್ರ ಕಳಿಸುತ್ತಿದ್ದರು, ಅದು ತಪ್ಪದೆ ವಾಪಸು ಬರುತ್ತಿತ್ತು. 'ಈ ಶನಿವಾರ ಹೋಗುವುದಿಲ್ಲ' ಎಂದು ಬರೆದರು. ಸರಿ. 'ಈ ಶನಿವಾರವೂ.' ಸರಿ. ನಾನು ಕಂಡಂತೆ ಅವರ ಡೈರಿಯಲ್ಲಿ ಅಷ್ಟು ಸರಿಗಳು ಎಂದೂ ಬಿದ್ದಿರಲಿಲ್ಲ. ರೇಗುವುದಿಲ್ಲ, ಸರಿ. ಡಬ್ಬಿಗೆ ಕೈ ಹಾಕುವುದಿಲ್ಲ, ಸರಿ. ಸ್ಟಾಫ್ ರೂಮು ತಣ್ಣಗಾಗಿಹೋಯಿತು. ಸಂಸ್ಕೃತದ ಮೇಷ್ಟ್ರು ಗುಟ್ಟಾಗಿ ನನ್ನನ್ನು ಕೇಳಿದರು, "ಅವರಿಗೆ ಏನಾದರೂ ಕಾಯಿಲೆಯೇನಮ್ಮ? ಯಾರಿಗೂ ತೊಂದರೇನೇ ಕೊಡ್ತಿಲ್ಲ." ನಾನು ಬೇಕೆಂದೇ ಡಬ್ಬಿ ತೆರೆದು ಮಿಸ್ ಮೂಗಿನ ಕೆಳಗಿಟ್ಟೆ. "ನೀನು ತಿನ್ನಮ್ಮ," ಎಂದರು. ಒಬ್ಬರೇ ಇರುವುದನ್ನು ಕಲಿಯಬೇಕೆಂದು ನಾನು ಯಾರನ್ನು ನೋಡಿ ಆಸೆಪಟ್ಟಿದ್ದೆನೋ, ಅವರು ಅಷ್ಟು ಒಂಟಿಯಾಗಿ ಕಂಡದ್ದು ಆಗ ಮಾತ್ರ.

ಮುಂದಿನ ಗೌರಿ ಹಬ್ಬಕ್ಕೆ ಎರಡು ದಿನವಿತ್ತು. ಸಂಜೆ ಮೈದಾನದಲ್ಲಿ ಖೋಖೋ ಅಭ್ಯಾಸ. ಹೇಗೆ ಕೂರಬೇಕೆಂದು ಹೊಸ ಹುಡುಗಿಯರಿಗೆ ತೋರಿಸಲು ಮಿಸ್ ತಾವೇ ಸಾಲಿನಲ್ಲಿ ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈ ನೆಲಕ್ಕೂರಿ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗೇಟು ದಾಟಿ ದ್ಯಾವಮ್ಮ ಬಂದರು. ಸಾಲಿನ ಉದ್ದಕ್ಕೂ ನಡೆದು, ಮಿಸ್ ಹಿಂದೆ ನಿಂತು, ಬೆನ್ನ ಮೇಲೆ ಫಟ್ಟೆಂದು ಒಂದು ಏಟು ಕೊಟ್ಟರು.

"ಏಳಮ್ಮಿ! ಅಬ್ಬಕ್ಕೆ ಕರ್ಯಕ್ಕೆ ಬಂದಿವ್ನಿ. ಬಸ್ಸಿಗೆ ಒತ್ತಾಯ್ತದೆ."

ಮಿಸ್ ಎದ್ದರು. ಎದ್ದವರು ತಿರುಗಿ ನೋಡದೆ ಓಡಿದರು! ಇಷ್ಟು ವರ್ಷದ ಅಭ್ಯಾಸ, ಏಟು ಬಿದ್ದ ಬೆನ್ನು ಓಡದೆ ಏನು ಮಾಡೀತು? ಕಂಬ ಸುತ್ತಿ, ಇಡೀ ಮೈದಾನ ಒಂದು ಸುತ್ತು ಬಂದು, ಏದುಸಿರು ಬಿಡುತ್ತ ದ್ಯಾವಮ್ಮನ ಮುಂದೆ ನಿಂತ ಮೇಲೆ ಯಾರೆಂದು ಕಂಡಿತು. ಹುಡುಗಿಯರು ಚಪ್ಪಾಳೆ ತಟ್ಟಿದರು.

"ಗಂಡ ಇಲ್ದೋಳಿಗೆ ತುಂಬುದ್ಯಲ್ಲವ್ವ," ಎಂದರು ಮಿಸ್, ಉಸಿರಿನ ನಡುವೆ.

"ವರ್ಸೆಲ್ಲ ಅದ್ನೇ ಯೋಚ್ನೆ ಮಾಡ್ದೆ ಕಣ. ಗಂಡ ಇಲ್ದಿದ್ರೇನು, ಮಡ್ಲಿತ್ತಲ್ಲ."

ನನ್ನ ಅಂದಿನ ಡೈರಿ ತೆಗೆದು ನೋಡಿದರೆ, ರಾತ್ರಿ ತಿದ್ದುವಾಗ ಬರೆದ ಕೆಂಪು ಸಾಲಿನಲ್ಲಿ, ಆ ದಿನ ನನಗೆ ತಲೆನೋವು, ಮೂರು ಗಂಟೆಗೇ ಹಾಸನಕ್ಕೆ ಹೊರಟಿದ್ದೆ ಎಂದಿದೆ. ಹಾಗಾದರೆ ಕಿಟಕಿಯಿಂದ ನೋಡಿದವಳು ಯಾರು? ಮಿಸ್‌ರನ್ನು ಕೇಳಿದೆ. ತಾವು ಕೂತೇ ಇರಲಿಲ್ಲ, ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದುದಾಗಿ ಹೇಳಿದರು. ದ್ಯಾವಮ್ಮನನ್ನು ಕೇಳಿದರೆ, "ವಡ್ದಿದ್ದು ನಿಜ, ಓಡಿದ್ದು ನಿಜ, ಉಳಿದಿದ್ದು ನಂಗೊತ್ತಿಲ್ಲ," ಎನ್ನುತ್ತಾರೆ. ಅಷ್ಟು ಸಾಕು. ಇಲ್ಲಿಗೆ ನಿಲ್ಲಿಸಿ ಸೀರೆ ಉಟ್ಟುಕೊಳ್ಳಬೇಕು, ಬಸ್ಸಿಗೆ ಹೊತ್ತಾಯಿತು.

ಸಂಜೆ. ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.

ಮಿಸ್ ಅಳುವುದಿಲ್ಲ ಎಂದು ಬರೆದಿದ್ದೆ. ಹೆಡ್‌ಮಾಸ್ಟರು ಶಾಲು ಹೊದಿಸುವ ಮೊದಲೇ ಭೋರೆಂದು ಅತ್ತರು. ಆಮೇಲೆ ಅದೇ ಶಾಲಿನಲ್ಲಿ ಮೂಗು ಒರೆಸಿಕೊಂಡು ನಕ್ಕರು. ತಪ್ಪು. ದ್ಯಾವಮ್ಮ ಬರುವುದಿಲ್ಲ ಎಂದಿದ್ದೆ. ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ತಪ್ಪು. ಭಾಷಣಗಳು ಮುಗಿಯುವ ತನಕವೂ ಅವರು ಕಾಯಲಿಲ್ಲ.

"ಆಯ್ತಲ್ಲ ನೌಕ್ರಿ? ಗಂಟು ಕಟ್ಟು, ನಡಿ ಮನೆಗೆ. ಕ್ವಾಣೆಗೆ ಸುಣ್ಣ ಒಡ್ಸಿವ್ನಿ. ಇನ್ನೇನದೆ ನಿಂಗೆ ಈ ಊರಲ್ಲಿ?"

ಮಿಸ್ ಎದ್ದು ಹೋಗುತ್ತಾರೆ ಎಂದೇ ನಾನು ಕಾದೆ. ಅವರು ಏಳಲಿಲ್ಲ. "ಇವತ್ತು ಬರಲ್ಲ ಅವ್ವ," ಎಂದರು. "ಇವತ್ತು ಗುರುವಾರ. ಶನಿವಾರ ಬರ್ತೀನಿ. ಕೋಣೆ ಬಿಟ್ಟಿಲ್ಲ, ಬಿಡೋದೂ ಇಲ್ಲ."

"ಯಾಕಮ್ಮಿ?"

"ಅಲ್ಲೇ ಇದ್ದುಬಿಟ್ಟರೆ ನನ್ನನ್ನ ಕರೆಯೋದು ಎಲ್ಲಿಂದ?"

ದ್ಯಾವಮ್ಮ ಅವರನ್ನೇ ನೋಡಿದರು. ಆ ಸೀಟಿ ಅಂಗೈಯಲ್ಲಿದ್ದಾಗ ನೋಡಿದ ಹಾಗೇ. ಈ ಸಲವೂ ಬೆನ್ನು ತಿರುಗಿಸಿ ಹೊರಟುಬಿಡುತ್ತಾರೆ ಎಂದೇ ನನಗನ್ನಿಸಿತು. ದ್ಯಾವಮ್ಮ ಕೋಲು ಎತ್ತಿ ನೆಲಕ್ಕೆ ಕುಟ್ಟಿದರು.

"ಸರಿ ಬುಡು. ಗಂಡನ ಮನೆ ಬುಟ್ಟು ಬರಕ್ಕಿಲ್ಲ ಅನ್ನು."

ಬಸ್‌ಸ್ಟ್ಯಾಂಡಿನ ತನಕ ಮೂವರೂ ನಡೆದೆವು. ಮಿಸ್ ಕೊರಳಲ್ಲಿ ಹಾರ, ಹೆಗಲಲ್ಲಿ ಒದ್ದೆ ಶಾಲು, ನನ್ನ ಕೈಯಲ್ಲಿ ಮೈಸೂರುಪಾಕಿನ ಡಬ್ಬ, ಅದರಲ್ಲಿ ಮಿಸ್ ಕೈ. ದ್ಯಾವಮ್ಮನನ್ನು ಹತ್ತಿಸಿ ಕಿಟಕಿ ಪಕ್ಕ ಕೂರಿಸಿದೆವು. 'ಸೀಟಿ ಒಪ್ಪಿಸುತ್ತಾರೆ' ಎಂದು ಬರೆದದ್ದು ಆಗ ನೆನಪಾಯಿತು.

"ಮಿಸ್, ಸೀಟಿ ಸ್ಕೂಲಿಗೆ ಕೊಟ್ರಾ?"

"ಕೇಳಿದ್ರು. ತಾಳಿ ಯಾರಾದ್ರೂ ವಾಪಸು ಕೊಡ್ತಾರಾ ಅಂದೆ. ಹೆಡ್‌ಮಾಸ್ಟ್ರು ಇನ್ನೂ ಯೋಚನೆ ಮಾಡ್ತಿದಾರೆ."

ಬಸ್ಸು ಹೊರಟಿತು. ದ್ಯಾವಮ್ಮ ಕಿಟಕಿಯಿಂದ ತಲೆ ಹೊರಹಾಕಿ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು: "ಆ ಇಲ್ದಿರೋ ಗಂಡಂಗೆ ಏಳಮ್ಮಿ, ಶನಿವಾರ ಬಿರ್ರನೆ ಕಳಿಸ್ಬೇಕು ಅಂತ! ಇಲ್ದಿದ್ರೆ ನನ್ ತಮ್ಮನ್ನ ಕರ್ಕಂಡ್ ಬತ್ತೀನಿ!"

"ಹೇಳ್ತೀನವ್ವ!" ಎಂದು ಕೂಗಿ, ನಗು ತಡೆಯಲಾರದೆ, ಮಿಸ್ ಸೀಟಿ ಎಳೆದು ಜೋರಾಗಿ ಊದಿದರು. ಒಂದೇ ಸಲ.

ಬಸ್ಸು ಗಕ್ಕನೆ ನಿಂತಿತು. ಒಳಗೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಕಂಡಕ್ಟರ್ ಬಾಗಿಲಿನಿಂದ ಜೋತುಬಿದ್ದು, "ಯಾರ್ರೀ ಅದು?" ಎಂದ. ದ್ಯಾವಮ್ಮ ಕಿಟಕಿಯಿಂದ ಕೈ ಚಾಚಿದರು.

"ಬತ್ತೀಯಾ ಮಗ?"

ಬಾಗಿಲು ತೆರೆದೇ ಇತ್ತು. ಹತ್ತು ಹೆಜ್ಜೆ ದೂರವೂ ಇರಲಿಲ್ಲ. ಮಿಸ್ ಓಡಿಹೋಗಿ ಆ ಕೈ ಹಿಡಿದುಕೊಂಡರು, ಅದರಲ್ಲಿ ಅರ್ಧ ತಿಂದ ಮೈಸೂರುಪಾಕು ಇಟ್ಟರು. ಆಮೇಲೆ ಹಿಂದಕ್ಕೆ ಸರಿದು, ಸೀಟಿ ಬಾಯಿಗಿಟ್ಟು, ಎರಡು ಸಲ ಊದಿದರು.